ಹೊಟ್ಟೆಯ ಹುಣ್ಣು, ಕತ್ತಿ ಮತ್ತು ದಾರಿ

ಬಿಜಾಪುರ ಸೀಮೆಯಲ್ಲಿ ‘ಹೊಟ್ಟಿಬ್ಯಾನಿ’ ಎಂಬ ಒಂದೇ ಮಾತಿನಲ್ಲಿ ಅಜೀರ್ಣದಿಂದ ಹಿಡಿದು ಜಠರದ ಹುಣ್ಣಿನವರೆಗೆ ಎಲ್ಲವೂ ಅಡಗಿದೆ. ತಪ್ಪೆಲ್ಲ ಕೆಂಪು ಖಾರದ್ದೆಂಬುದು ಮನೆಮನೆಯ ತೀರ್ಪು. ವೈದ್ಯರಾದರೋ ಆಮ್ಲವನ್ನು ದೂರಿದರು. ಅದನ್ನು ತಗ್ಗಿಸಲು ಕತ್ತಿ ಹಿಡಿದರು.

1881ರಲ್ಲಿ ವಿಯೆನ್ನಾದ ಬಿಲ್ರೋತ್ ಕ್ಯಾನ್ಸರಿಗಾಗಿ ಜಠರದ ಭಾಗವೊಂದನ್ನು ಕತ್ತರಿಸಿ ತೆಗೆದನು. ಆ ಹೆಂಗಸು ಸುಮಾರು ನಾಲ್ಕು ತಿಂಗಳು ಬದುಕಿದಳು. ಅದೇ ವರ್ಷ ಪೋಲೆಂಡಿನ ರೂಡಿಗಿಯರ್ ಹುಣ್ಣಿಗೂ ಅದೇ ಉಪಾಯ ಹೂಡಿದನು. 1943ರಲ್ಲಿ ಶಿಕಾಗೋದ ಡ್ರಾಗ್‌ಸ್ಟೆಟ್ ಆಮ್ಲ ಸುರಿಸಲು ಪ್ರೇರಿಸುವ ನರವನ್ನೇ ಕಡಿದನು. ನರ ಹೋದರೆ ಜಠರ ಸಲೀಸಾಗಿ ಬರಿದಾಗದು. ಆದ್ದರಿಂದ ಅದಕ್ಕೆ ಸಣ್ಣ ಕರುಳನ್ನು ಜೋಡಿಸಬೇಕಾಯಿತು. ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಡೆದದ್ದು ಈ ಜೋಡಣೆಯೇ. ನೋವು ಹೋಯಿತು, ನಿಜ. ಆದರೆ ಕೆಲವರಿಗೆ ಉಂಡೊಡನೆ ಬೆವರು, ತಲೆಸುತ್ತು, ಭೇದಿ; ಕೆಲವರಿಗೆ ಮತ್ತೆ ಹುಣ್ಣು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1950–60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರ್ಯಾಂಕ್ ಟೋವಿ ಇನ್ನೊಂದು ದಿಕ್ಕಿನಿಂದ ಯೋಚಿಸಿದರು. ಅನ್ನ ಉಣ್ಣುವ ದಕ್ಷಿಣದಲ್ಲಿ ಈ ಹುಣ್ಣು ಹೆಚ್ಚು, ಗೋಧಿಯ ಪಂಜಾಬಿನಲ್ಲಿ ಕಡಿಮೆ, ಏಕೆ? ಕತ್ತಿ ಹಿಡಿದವರೇ ತಟ್ಟೆಯ ಕಡೆ ನೋಡಿದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಅಷ್ಟರಲ್ಲಿ, 1982ರಲ್ಲಿ, ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಜಠರದಲ್ಲಿ ಸುರುಳಿಯಾಕಾರದ ಸೂಕ್ಷ್ಮಾಣುವೊಂದನ್ನು ಹಿಡಿದರು. ಯಾರೂ ನಂಬದಿರಲು, 1984ರಲ್ಲಿ ಮಾರ್ಷಲ್ ತಾನೇ ಅದನ್ನು ಕುಡಿದು ಕಾಯಿಲೆ ಬಿದ್ದನು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಒಂದೆರಡು ವಾರದ ಗುಳಿಗೆ ಕತ್ತಿಯ ಕೆಲಸವನ್ನು ಬಹುಮಟ್ಟಿಗೆ ಕಸಿದುಕೊಂಡಿತು.

ಬಹುಮಟ್ಟಿಗೆ ಮಾತ್ರ. ಹುಣ್ಣು ತೂತಾದರೆ ಗುಳಿಗೆ ಸಾಲದು. ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ತೂತಿನ ಮೇಲೆ ತೇಪೆಯಂತೆ ಹೊಲಿಯುವ, 1937ರಲ್ಲಿ ಟೊರಾಂಟೋದ ಗ್ರಹಾಂ ವಿವರಿಸಿದ ಕ್ರಮವೇ ಇಂದಿಗೂ ಗತಿ. ಕೆಲಸ ಸರಳ, ಆದರೆ ರೋಗಿ ಉಳಿಯುವುದು ಹೊಲಿಗೆಗಿಂತ ಹೆಚ್ಚಾಗಿ ಗಡಿಯಾರದ ಮೇಲೆ ನಿಂತಿದೆ. ಒಂದು ಹಗಲು, ಒಂದು ರಾತ್ರಿ ತಡವಾದರೆ ಸಾವಿನ ಭಯ ಹಲವು ಪಟ್ಟು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಬಿಜಾಪುರಕ್ಕೆ ಸುಮಾರು 40ರಿಂದ 80 ಕಿಲೋಮೀಟರು. 1884ರಲ್ಲಿ ರೈಲು ಬಿಜಾಪುರವನ್ನು ಮುಟ್ಟಿತಾದರೂ ಸಿಂದಗಿ, ಮುದ್ದೇಬಿಹಾಳಗಳನ್ನು ಮುಟ್ಟಲಿಲ್ಲ. 1894ರಲ್ಲಿ ವಾನ್ಲೆಸ್ ಮೀರಜದಲ್ಲಿ ತೆರೆದ ಆಸ್ಪತ್ರೆ ಹೆಸರಾಂತದ್ದು. ಆದರೆ ತೂತಾದ ಹೊಟ್ಟೆ ಅಷ್ಟು ದೂರ ತಡೆದೀತೆ? ಬಿಜಾಪುರಕ್ಕೆ ವೈದ್ಯಕೀಯ ಕಾಲೇಜುಗಳು ಬಂದದ್ದು 1980ರ ದಶಕದಲ್ಲಿ.

ಈಗ ರಸ್ತೆಯುಂಟು, ಆಂಬುಲೆನ್ಸ್ ಉಂಟು. ಸೊಂಟನೋವಿಗೆಂದು ಅಂಗಡಿಯಿಂದ ತಂದು, ಬರಿಹೊಟ್ಟೆಯಲ್ಲಿ ದಿನವೂ ನುಂಗುವ ನೋವಿನ ಗುಳಿಗೆಯೂ ಉಂಟು. ಹೊಟ್ಟೆ ತೂತಾಗಲು ಅದೂ ಒಂದು ಕಾರಣ. ‘ಬ್ಯಾನಿ ಯಾವಾಗ ಸುರುವಾತು?’ ಎಂಬುದೇ ಇಂದಿಗೂ ವೈದ್ಯರ ಮೊದಲ ಪ್ರಶ್ನೆ.