ಮಂದ್ಯಾಗ ಹೆಂಗ ಅನ್ನೂದು?

ಬನಹಟ್ಟಿಯ ಪಾವರ್‌ಲೂಮ್ ಶೆಡ್ಡಿನೊಳಗೆ ಫೋನು ಎಷ್ಟು ಬಡಿದುಕೊಂಡರೂ ಕೇಳಿಸುವುದಿಲ್ಲ. ಅದಕ್ಕೇ ನೂಲಿನ ದರ, ಕರೆಂಟು ಹೋಗುವ ಹೊತ್ತು, ಸಾವಿನ ಸುದ್ದಿ ಎಲ್ಲವೂ ಅಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ. ಪರಿಚಯದ ನೇಕಾರರೊಬ್ಬರು ಒಮ್ಮೆ ಮಗ್ಗ ನಿಲ್ಲಿಸಿ ತಮ್ಮ ಓಣಿಯ ಗ್ರೂಪು ತೆಗೆದು ತೋರಿಸಿದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ, ಅದರ ಕೆಳಗೆ ಏಳು ಕೈಮುಗಿದ ಚಿಹ್ನೆ. ಬೇರೆ ಒಂದಕ್ಷರವಿಲ್ಲ.

"ಸುಳ್ಳ ಐತಿ ಅಂತ ನೋಡಿದ ಕೂಡ್ಲೆ ಗೊತ್ತಾತರೀ. ಆದ್ರ ಹಾಕಿದವರು ನಮ್ಮ ಸ್ವಾದರಮಾವ. ಮಂದ್ಯಾಗ ಹೆಂಗ ಅನ್ನೂದು?"

ಈ ಪ್ರಶ್ನೆಯ ಸುತ್ತ ತೊಂಬತ್ತು ವರ್ಷಗಳಿಂದ ಒಂದು ಅಧ್ಯಯನವೇ ಬೆಳೆದು ಬಂದಿದೆ. 1935ರಲ್ಲಿ ಟರ್ಕಿ ಮೂಲದ ಮುಜಫರ್ ಷೆರಿಫ್ ಕತ್ತಲ ಕೋಣೆಯಲ್ಲಿ ಬೆಳಕಿನ ಚುಕ್ಕೆಯೊಂದನ್ನು ತೋರಿಸಿ, ಅದು ಎಷ್ಟು ಸರಿಯಿತೆಂದು ಜನರನ್ನು ಕೇಳಿದರು. ಚುಕ್ಕೆ ಕದಲುವುದೇ ಇಲ್ಲ, ಕಣ್ಣಿಗಷ್ಟೇ ಹಾಗೆ ಕಾಣುತ್ತದೆ. ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರದು ಒಂದೊಂದು ಅಳತೆ. ಕೂಡಿಸಿ ಕೇಳಿದಾಗ ಅಳತೆಗಳು ಒಂದೆಡೆಗೆ ಬಂದವು. ಆಮೇಲೆ ಒಂಟಿಯಾಗಿ ಕೂರಿಸಿದರೂ ಅವರು ಗುಂಪಿನ ಅಳತೆಯನ್ನು ಬಿಡಲಿಲ್ಲ. ರೂಢಿಯೊಂದು ಹುಟ್ಟುವ ಗಳಿಗೆ ಅಲ್ಲಿ ಕಣ್ಣಿಗೆ ಬಿದ್ದಿತ್ತು.

1951ರಲ್ಲಿ ಸಾಲೊಮನ್ ಆ್ಯಶ್ ಇನ್ನೂ ಬಿಗಿಯಾದ ಪರೀಕ್ಷೆ ಹೂಡಿದರು. ಮೂರು ಗೆರೆಗಳಲ್ಲಿ ಯಾವುದು ಎದುರಿನ ಗೆರೆಗೆ ಸಮ ಎಂದು ಹೇಳಬೇಕು, ಅಷ್ಟೇ. ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಸಿಕೊಂಡು ಬಂದವರು, ಒಕ್ಕೊರಲಿನಿಂದ ತಪ್ಪು ಉತ್ತರ ಕೊಡುವವರು. ಪರೀಕ್ಷೆಗೆ ಒಳಗಾದ ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಆ ತಪ್ಪಿಗೆ ತಲೆಬಾಗಿದರು. ಆದರೆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯುತ್ತರ ಹೇಳಿದರೆ ಸಾಕು, ಮೂರರಲ್ಲಿ ಒಂದರಷ್ಟಿದ್ದ ತಪ್ಪು ಉತ್ತರಗಳು ಇಪ್ಪತ್ತರಲ್ಲಿ ಒಂದಕ್ಕೆ ಇಳಿಯುತ್ತಿದ್ದವು. ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಬೆಲೆಯುಳ್ಳ ಅಂಕಿಯನ್ನು ನಾನು ಕಂಡಿಲ್ಲ.

1996ರಲ್ಲಿ ರಾಡ್ ಬಾಂಡ್ ಮತ್ತು ಪೀಟರ್ ಸ್ಮಿತ್ 17 ದೇಶಗಳಲ್ಲಿ ನಡೆದ ಇಂಥ 133 ಪ್ರಯೋಗಗಳನ್ನು ಕೂಡಿಸಿ ನೋಡಿ, ಮನೆತನ-ಬಳಗಕ್ಕೆ ಹೆಚ್ಚು ಬೆಲೆ ಕೊಡುವ ಸಮಾಜಗಳಲ್ಲಿ ಬಾಗುವಿಕೆ ಹೆಚ್ಚೆಂದರು. ಇದನ್ನು ನಮ್ಮ ಕುಂದೆಂದು ಓದಬಾರದು. ಹಿರಿಯರೆದುರು ಮಾತನ್ನು ತಡೆದುಕೊಳ್ಳುವುದು ಬರಿಯ ಅಂಜಿಕೆಯಲ್ಲ, ಕಲಿತ ನಡತೆ. ನಾಲ್ಕು ಮಂದಿ ಏನಂದಾರು ಎಂಬ ಎಣಿಕೆ ಕೆಲವೊಮ್ಮೆ ಹೊಳೆಯನ್ನೂ ಕಟ್ಟುತ್ತದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ಸರ್ಕಾರದ ದಾರಿ ಕಾಯದೆ, ತಾವೇ ಹಣ ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದರ ಹೆಸರೇ ಶ್ರಮಬಿಂದು ಸಾಗರ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎನ್ನುವುದು ಊರಲ್ಲಿ ಮುಚ್ಚಿಡುವ ಸಂಗತಿಯಲ್ಲ. ಮರುವರ್ಷ, 1990ರಲ್ಲಿ, ಎಲಿನಾರ್ ಆಸ್ಟ್ರಂ ಎಂಬ ಅಮೆರಿಕದ ವಿದ್ವಾಂಸೆಯ ಪುಸ್ತಕ ಬಂತು. ಪಾಲುಗೊಂಡವರೇ ಮಾಡಿಕೊಂಡ ಕಟ್ಟಳೆ, ಒಬ್ಬರನ್ನೊಬ್ಬರು ನೋಡಿಕೊಳ್ಳುವ ಕಣ್ಣು, ತಪ್ಪಿದವನಿಗೆ ಮೊದಲು ಸಣ್ಣ ದಂಡ: ನೀರು, ಕಾಡು, ಮೀನುಗಳಂಥ ಎಲ್ಲರ ಸೊತ್ತು ಉಳಿಯುವುದು ಇವುಗಳಿಂದ ಎಂದು ಅವರು ಬರೆದಿದ್ದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಪೀಟರ್ ಕೊಲ್ಲಾಕ್ ಮತ್ತು ಮಾರ್ಕ್ ಸ್ಮಿತ್ 1996ರಲ್ಲೇ ಆ ಸೂತ್ರಗಳನ್ನು ಅಂತರ್ಜಾಲದ ಗುಂಪುಗಳಿಗೆ ಹಚ್ಚಿ ನೋಡಿದ್ದರು.

ಅಂತರ್ಜಾಲದ ಮೊದಮೊದಲ ಅಧ್ಯಯನಗಳ ಅಂದಾಜು ಬೇರೆಯಿತ್ತು. ಮುಖ ಕಾಣದಿದ್ದರೆ ಜನ ಲಗಾಮು ಬಿಡುತ್ತಾರೆಂದು 1984ರ ಹೊತ್ತಿಗೆ ಸಾರಾ ಕೀಸ್ಲರ್ ಮತ್ತು ಸಂಗಡಿಗರು ಬರೆದರು. 1990ರಲ್ಲಿ ರಸೆಲ್ ಸ್ಪಿಯರ್ಸ್, ಮಾರ್ಟಿನ್ ಲೀ ಇದಕ್ಕೆ ತಿರುವು ಕೊಟ್ಟರು. ಬೇರೆ ಬೇರೆ ಕೋಣೆಗಳಲ್ಲಿ ಕೂತು ಕಂಪ್ಯೂಟರಿನಲ್ಲಿ ಮಾತಾಡಿದವರಿಗೆ 'ನಾವು ಒಂದೇ ಗುಂಪು' ಎಂಬ ಭಾವ ಹುಟ್ಟಿಸಿದರೆ, ಎದುರುಬದುರು ಕೂತವರಿಗಿಂತ ಅವರೇ ಗುಂಪಿನ ಕಡೆಗೆ ಹೆಚ್ಚು ವಾಲಿದರು. 2006ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್ ಮತ್ತು ಜೊತೆಗಾರರು ಯಾರೂ ಕೇಳರಿಯದ 48 ಹಾಡುಗಳನ್ನು 14 ಸಾವಿರಕ್ಕೂ ಮಿಕ್ಕ ಜನರ ಮುಂದಿಟ್ಟರು. ಎಷ್ಟು ಜನ ಇಳಿಸಿಕೊಂಡರೆಂಬ ಲೆಕ್ಕ ಕಂಡಾಗ, ಮುಂದಿದ್ದ ಹಾಡು ಇನ್ನಷ್ಟು ಮುಂದೆ ಹೋಯಿತು.

ಇವೆಲ್ಲ ಸೇರಿ ಹೇಳುವುದೇನೆಂದರೆ, ನಾವು ಬಾಗುವುದು ಜನರ ಅಭಿಪ್ರಾಯಕ್ಕಲ್ಲ, ಅದರಲ್ಲಿ ಕಣ್ಣಿಗೆ ಬಿದ್ದಷ್ಟು ಭಾಗಕ್ಕೆ. ಕಟ್ಟೆಯ ಮೇಲೆ ಕೂತಾಗ ಮೌನವೂ ಕಾಣುತ್ತದೆ. ಸುಳ್ಳು ಕೇಳಿದವನೊಬ್ಬ ಮುಖ ತಿರುವುತ್ತಾನೆ, ಎಲೆಗೆ ಸುಣ್ಣ ಹಚ್ಚುತ್ತಿದ್ದವನ ಬೆರಳು ಅಲ್ಲೇ ನಿಲ್ಲುತ್ತದೆ. ಗ್ರೂಪಿನಲ್ಲಿ ಸುಮ್ಮನಿದ್ದವನಿಗೆ ಮುಖವೇ ಇಲ್ಲ. ಏಳು ಕೈಮುಗಿದರೆ ಇಡೀ ಓಣಿ ಕೈಮುಗಿದಂತೆ.

ಅದರ ಬೆಲೆ ಎಷ್ಟೆಂದು 2018ರ ಜುಲೈನಲ್ಲಿ ನಾವು ಕಂಡೆವು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಸುದ್ದಿ ಮೊಬೈಲಿನಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ತರುಣ ಎಂಜಿನಿಯರೊಬ್ಬರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹಾಕಿತು. ಮಿತಿ ಬೇಕಿತ್ತು ನಿಜ, ಆದರೆ ಸಾಲದು. ಶಕುಂತಲಾ ಬನಾಜಿ ಮತ್ತು ರಾಮ್ ಭಟ್ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಓಡಾಡಿ 2019ರಲ್ಲಿ ಕೊಟ್ಟ ವರದಿ, ಇದು ಅರಿವಿಲ್ಲದವರ ತಪ್ಪು ಎಂಬ ಸುಲಭದ ಮಾತನ್ನು ಒಪ್ಪಲಿಲ್ಲ. ಮೊದಲೇ ಇದ್ದ ದ್ವೇಷ, ಕಳಿಸಿದವರು ನಮ್ಮವರೆಂಬ ನಂಬಿಕೆ, ಇವೆರಡೂ ಅಲ್ಲಿ ದುಡಿದಿದ್ದವು.

ಈಚೆಗೆ ಸುಮಿತ್ರಾ ಬದ್ರಿನಾಥನ್ ಮತ್ತು ಸೈಮನ್ ಶೋಶಾರ್ ಭಾರತದ ಜನರಿಗೆ ಇಂಥ ಗ್ರೂಪು ಮಾತುಕತೆಗಳನ್ನು ತೋರಿಸಿ ಪರೀಕ್ಷಿಸಿದರು. ಯಾರೋ ಒಬ್ಬ ಸದಸ್ಯ 'ಇದು ನಿಜ ಅನ್ನಿಸುತ್ತಿಲ್ಲ' ಎಂದರೂ ಸುಳ್ಳಿನ ಮೇಲಿನ ನಂಬಿಕೆ ಇಳಿಯಿತು. ತಜ್ಞರ ಹೆಸರು, ಪುರಾವೆ ಯಾವುದೂ ಬೇಕಾಗಲಿಲ್ಲ. ಆ್ಯಶ್ ಕಂಡಿದ್ದ ಆ ಇನ್ನೊಬ್ಬ ಇವನೇ. ಮುಧೋಳದ ಕಬ್ಬಿನ ರೈತರ ಗ್ರೂಪಿನಲ್ಲಾಗಲಿ, ಬೀಳಗಿಯ ಪುನರ್ವಸತಿ ಕೇಂದ್ರದವರ ಗ್ರೂಪಿನಲ್ಲಾಗಲಿ ಅವನು ಬಾಯಿ ತೆರೆಯುತ್ತಾನೋ ಇಲ್ಲವೋ ಎಂಬುದು ಒಳಗಿರುವವರಿಗೆ ಮಾತ್ರ ಕಾಣುವ ಸಂಗತಿ. ಗ್ರೂಪಿಗೆ ಬೀಗ ಇದೆ, ಸಂಶೋಧಕ ಹೊರಗಿದ್ದಾನೆ.

ನಮ್ಮ ನೇಕಾರರು ಸುಮ್ಮನೆ ಕೂತಿರಲಿಲ್ಲ. ಅಂದು ಸಂಜೆಯೇ ರಬಕವಿಗೆ ಮಾವನ ಮನೆಗೆ ಹೋಗಿ, ಚಹಾ ಕುಡಿದು, ಮೆಲ್ಲಗೆ ಹೇಳಿದರಂತೆ. ಮಾವ ಒಪ್ಪಿದರು: "ಹೌದೇನಪಾ, ನನಗೂ ಯಾರೋ ಕಳಿಸಿದ್ರು." ಮರ್ಯಾದೆ ಉಳಿಯಿತು. ಮಾತು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಅವರು ಫೋನು ನನ್ನ ಕೈಗೆ ಕೊಟ್ಟಾಗ ಸಂದೇಶ ಗ್ರೂಪಿನಲ್ಲಿ ಇನ್ನೂ ಹಾಗೇ ಇತ್ತು, ಕೆಳಗೆ ಏಳು ಕೈಮುಗಿದ ಚಿಹ್ನೆಗಳೊಂದಿಗೆ.