ಅಗ್ರಹಾರದ ನೆಲದಲ್ಲಿ ಬಾಡಿಗೆಯ ಬಿಡಾರ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ನಮ್ಮ ಹಿರಿಯರು. ಈ ಗಾದೆ ಹುಟ್ಟಿದ ಕಾಲಕ್ಕೆ ಮನೆಯ ಕಷ್ಟವೆಂದರೆ ಕಟ್ಟುವ ಕಷ್ಟ. ಕಲ್ಲು, ಮಣ್ಣು, ಮರಮುಟ್ಟುಗಳನ್ನು ಹೊಂದಿಸುವ ಬವಣೆ. ಇಂದು ದುಡಿಮೆಯನ್ನು ಅರಸಿ ಬೆಂಗಳೂರಿಗೆ ಹೋದವನಿಗೆ ಕಟ್ಟುವ ಮಾತು ಬಹು ದೂರ. ತಲೆ ಮರೆಸಿಕೊಳ್ಳಲು ಒಂದು ಬಿಡಾರ ದೊರೆತರೆ ಅದೇ ದೊಡ್ಡ ಸಾಹಸ. ಗಾದೆಯನ್ನು ತಿದ್ದುವ ಅಧಿಕಾರ ಯಾರಿಗಾದರೂ ಇದ್ದರೆ “ಬಾಡಿಗೆಗೆ ಹಿಡಿದು ನೋಡು” ಎಂದು ಸೇರಿಸಬೇಕಾದ ಕಾಲ ಬಂದಿದೆ.

ಬೆಂಗಳೂರಿನ ಮನೆಬಾಡಿಗೆಗೂ ಇನ್ನೂರ ಅರವತ್ತು ಕಿಲೋಮೀಟರು ದೂರದ ನಮ್ಮ ದಾವಣಗೆರೆ ಸೀಮೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ನಾನು ಕನ್ನಡ ಪಾಠ ಹೇಳುವ ತರಗತಿಗೆ ಚನ್ನಗಿರಿ, ಹೊನ್ನಾಳಿ, ಜಗಳೂರುಗಳಿಂದಲೂ ಹೊನ್ನಾಳಿಯಿಂದ ಬೇರೆಯಾಗಿ ಈಚೆಗೆ ತಾಲ್ಲೂಕೆನಿಸಿಕೊಂಡ ನ್ಯಾಮತಿಯಿಂದಲೂ ಮಕ್ಕಳು ಬರುತ್ತಾರೆ. ಹಿಂದೆ ಇಂಥ ಮಕ್ಕಳ ಕಣ್ಣು ದಾವಣಗೆರೆಯ ಹತ್ತಿ ಗಿರಣಿಗಳ ಮೇಲೆಯೋ ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಮೇಲೆಯೋ ಇರುತ್ತಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲೆಳೆದವು; ಕಿರ್ಲೋಸ್ಕರ್ ಕೂಡ ಮುಚ್ಚಿತು. ಈಗ ಪದವಿ ಕೈಗೆ ಬಂದ ಮರುದಿನವೇ ಬೆಂಗಳೂರಿನ ಬಸ್ಸು. ಅಲ್ಲಿ ಕೊಡಬೇಕಾದ ಮುಂಗಡಕ್ಕಾಗಿ ಇಲ್ಲಿ ಚನ್ನಗಿರಿಯ ಅಡಿಕೆ ತೋಟದ ಫಸಲು ಮೊದಲೇ ಮಾರಾಟವಾಗುತ್ತದೆ. ಜಗಳೂರಿನ ಮಳೆಯಾಶ್ರಿತ ಹೊಲದ ಮೆಕ್ಕೆಜೋಳದ ಹಣ ಮನೆಯ ಸಾಲಕ್ಕೆ ಸಲ್ಲದೆ ಮಹಾನಗರಕ್ಕೆ ಹೋಗುತ್ತದೆ. ಇಂಥ ಸುದ್ದಿಯನ್ನು ಹಳೆಯ ವಿದ್ಯಾರ್ಥಿಗಳ ಬಾಯಿಂದ ಕೇಳಿ ಕೇಳಿಯೇ, ಈ ಪರಿಸ್ಥಿತಿ ಎಂದಿನಿಂದ ಹೀಗಾಯಿತೆಂದು ಇತಿಹಾಸದಲ್ಲಿ ಹುಡುಕುವ ಮನಸ್ಸು ನನಗಾಯಿತು.

ದುಡಿಮೆ ಮತ್ತು ಮನೆ

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ, ಹನ್ನೊಂದನೆಯದರಲ್ಲಿ ಜಗಳೂರಿನ ಶಾಸನಗಳಿವೆ. ಇಂಥ ಶಾಸನಗಳನ್ನು ಓದುವವನಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಆಳುವವನು ಒಬ್ಬನಿಂದ ಒಂದು ಸೇವೆಯನ್ನು ಬಯಸಿದರೆ ಅದರೊಡನೆ ನೆಲವನ್ನೂ ನೆಲೆಯನ್ನೂ ಬಿಟ್ಟುಕೊಡುತ್ತಿದ್ದ. ಅಗ್ರಹಾರವೆಂಬ ಮಾತಿನ ತಿರುಳೇ ಅದು: ವಿದ್ವಾಂಸರಾದ ಬ್ರಾಹ್ಮಣರಿಗೆ ಅಧ್ಯಯನ ಅಧ್ಯಾಪನಗಳ ಕೆಲಸ, ಇರಲು ಮನೆ, ಉಣ್ಣಲು ವೃತ್ತಿ. ಆ ನೆಲವನ್ನು ಉತ್ತವನಿಗೆ ಈ ಭಾಗ್ಯವಿರಲಿಲ್ಲ ಎಂಬುದೂ ನಿಜವೇ. ಆದರೂ ದುಡಿಮೆ ಬೇರೆ, ಮನೆ ಬೇರೆ ಎಂಬ ಎಣಿಕೆ ಅಂದಿನವರಿಗೆ ಇರಲಿಲ್ಲ.

ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿದ ಪೇಟೆಯಲ್ಲಿಯೂ ಇದೇ ಎಣಿಕೆಯನ್ನು ಕಾಣುತ್ತೇವೆ. ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ—ಈ ಹೆಸರುಗಳು ಕಸುಬಿನ ಹೆಸರುಗಳೂ ಹೌದು, ವಾಸದ ಬೀದಿಯ ಹೆಸರುಗಳೂ ಹೌದು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಮಗ್ಗವಿದ್ದ ಸೂರಿನಡಿಯಲ್ಲಿಯೇ ತೊಟ್ಟಿಲೂ ತೂಗಬೇಕು. ಅಲ್ಲಿ ಇಕ್ಕಟ್ಟು ಬೇಕಾದಷ್ಟಿತ್ತು. ಆದರೆ ಅಂಗಡಿಗೆ ಹೋಗಿಬರಲು ದಿನದಲ್ಲಿ ಮೂರು ಗಂಟೆ ಕಳೆಯಬೇಕಾಗಿರಲಿಲ್ಲ.

ಆ ಇಕ್ಕಟ್ಟಿನ ಬೆಲೆಯನ್ನು ಊರು ತೆತ್ತದ್ದು ೧೮೯೮ರಲ್ಲಿ. ಪ್ಲೇಗು ಪೇಟೆಯ ಓಣಿಗಳನ್ನು ಹೊಕ್ಕಿತು. ನಗರವೂ ದಂಡೂ ಸೇರಿ ೧೮೯೧ರಲ್ಲಿ ಸುಮಾರು ೧ ಲಕ್ಷ ೮೦ ಸಾವಿರವಿದ್ದ ಜನಸಂಖ್ಯೆ ೧೯೦೧ರ ಗಣತಿಯ ವೇಳೆಗೆ ೧ ಲಕ್ಷ ೬೦ ಸಾವಿರದ ಆಸುಪಾಸಿಗೆ ಇಳಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ಕೈಕಟ್ಟಿ ಕೂಡಲಿಲ್ಲ. ಬಸವನಗುಡಿ, ಮಲ್ಲೇಶ್ವರಗಳೆಂಬ ಎರಡು ಬಡಾವಣೆಗಳು ಬೆಳೆದು ನಿಂತವು. ನೇರವಾದ ಬೀದಿ, ಮನೆಯ ಹಿಂದೆ ನೈರ್ಮಲ್ಯದ ಓಣಿ, ಗಾಳಿಬೆಳಕಿಗೆ ಖಾಲಿ ಜಾಗ. ಹೆಸರಘಟ್ಟದ ನೀರು ಅದಕ್ಕೆ ಕೆಲವೇ ವರ್ಷ ಮೊದಲು ಊರಿಗೆ ಬಂದಿತ್ತು. ನಿವೇಶನಗಳನ್ನು ಜಾತಿ ಮತಗಳಿಗೆ ಅನುಸಾರವಾಗಿ ವಿಂಗಡಿಸಿದ ದೋಷ ಈ ಬಡಾವಣೆಗಳ ಚರಿತ್ರೆಯಲ್ಲಿದೆ. ಆದರೆ ಜನರ ವಸತಿ ಸರ್ಕಾರದ ಹೊಣೆಯೆಂದು ಬೆಂಗಳೂರು ಮೊದಲು ಒಪ್ಪಿಕೊಂಡದ್ದು ಆಗಲೇ.

ಆ ಬಡಾವಣೆಗಳಲ್ಲಿಯೂ ಹಳೆಯ ಪೇಟೆಯಲ್ಲಿಯೂ ಬಡ ಗುಮಾಸ್ತನನ್ನು, ಶಾಲೆಯ ಮೇಷ್ಟರನ್ನು, ಪರಸ್ಥಳದ ವಿದ್ಯಾರ್ಥಿಯನ್ನು ಕಾಪಾಡಿದ್ದು ವಠಾರ. ನಡುವೆ ಅಂಗಳ, ಎರಡು ಸಾಲು ಮನೆ, ಎಲ್ಲರಿಗೂ ಒಂದೇ ನಲ್ಲಿ. ವಠಾರದ ಜಗಳವನ್ನು ನಮ್ಮ ಕಥೆಗಾರರು ಬೇಕಾದಷ್ಟು ಬರೆದಿದ್ದಾರೆ. ಸಣ್ಣ ಸಂಬಳದವನಿಗೂ ಊರಿನ ನಡುವೆ ಒಂದು ಬಾಗಿಲು ಇತ್ತೆಂಬುದನ್ನು ಅದರೊಡನೆ ನೆನೆಯಬೇಕು.

ಕಾರ್ಖಾನೆಯ ಕಾಲ

ಎರಡನೆಯ ಮಹಾಯುದ್ಧ ಬೆಂಗಳೂರಿನ ಗಾತ್ರವನ್ನೇ ಬದಲಿಸಿತು. ೧೯೪೧ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನ ೧೯೫೧ರ ಹೊತ್ತಿಗೆ ಎಂಟು ಲಕ್ಷದ ಹತ್ತಿರಕ್ಕೆ ಬಂದರು. ಇಂದಿನ ಏರಿಕೆಯನ್ನು ಕಂಡು ಬೆಚ್ಚುವವರು ಈ ಅಂಕಿಗಳನ್ನು ನೋಡಬೇಕು: ಹತ್ತೇ ವರ್ಷದಲ್ಲಿ ಊರು ಇಮ್ಮಡಿಯಾದದ್ದು ಕಂಪ್ಯೂಟರಿನ ಕಾಲದಲ್ಲಲ್ಲ, ವಿಮಾನ ಕಾರ್ಖಾನೆಯ ಕಾಲದಲ್ಲಿ. ಆಗ ಆಳಿದವರು ಏನು ಮಾಡಿದರು? ೧೯೪೫ರಲ್ಲಿ ನಗರಾಭಿವೃದ್ಧಿಯ ವಿಶ್ವಸ್ತ ಮಂಡಳಿಯನ್ನು—ಜನರ ಬಾಯಲ್ಲಿ ಸಿ. ಐ. ಟಿ. ಬಿ.—ಸ್ಥಾಪಿಸಿದರು. ಜಯನಗರ ೧೯೪೮ರಲ್ಲಿ ಆರಂಭವಾಯಿತು. ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಅದರ ಹಿಂದೆಯೇ ಬಂತು.

ಕಾರ್ಖಾನೆಗಳೂ ಹಿಂದುಳಿಯಲಿಲ್ಲ. ೧೯೪೦ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಐ. ಟಿ. ಐ., ೧೯೫೩ರಲ್ಲಿ ಎಚ್. ಎಂ. ಟಿ., ೧೯೫೪ರಲ್ಲಿ ಬಿ. ಇ. ಎಲ್. ಒಂದೊಂದರ ಬೆನ್ನಿಗೂ ಒಂದು ಊರು ಹುಟ್ಟಿತು. ದೂರವಾಣಿನಗರ, ವಿಮಾನಪುರ, ಜಾಲಹಳ್ಳಿಯ ಕಾಲೊನಿಗಳು—ಮನೆ, ಶಾಲೆ, ಆಸ್ಪತ್ರೆ, ಆಟದ ಬಯಲು, ಜೊತೆಗೆ ಕನ್ನಡ ಸಂಘದ ರಾಜ್ಯೋತ್ಸವ. ಎಲ್ಲ ಕಾರ್ಮಿಕರಿಗೂ ಮನೆ ಸಿಕ್ಕಿತೆಂದಲ್ಲ. ಆ ಮನೆಗಳನ್ನು ಕಟ್ಟಿದ ಕೂಲಿಗಳು ಕೊಳೆಗೇರಿಗಳಲ್ಲಿಯೇ ಉಳಿದರು. ಆದರೆ ಸಾವಿರ ಜನರನ್ನು ಕೆಲಸಕ್ಕೆ ಕರೆಯುವವನು ಅವರು ರಾತ್ರಿ ಮಲಗುವುದೆಲ್ಲಿ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕೆಂಬ ತಿಳಿವಳಿಕೆ ಅಂದು ಸಾಮಾನ್ಯವಾಗಿತ್ತು. ಹರಿಹರದ ಕಿರ್ಲೋಸ್ಕರ್ ಕೂಡ ತನ್ನ ಕಾರ್ಮಿಕರಿಗೆ ಕಾಲೊನಿ ಕಟ್ಟಿತ್ತು.

ಕೊಂಡಿ ಕಳಚಿದ ಬಗೆ

ಈ ಕೊಂಡಿ ಕಳಚಿದ್ದು ಒಂದು ದಿನದಲ್ಲಲ್ಲ. ಕಿಯೋನಿಕ್ಸ್ ಸಂಸ್ಥೆ ೧೯೭೦ರ ದಶಕದ ಕೊನೆಯಲ್ಲಿ ಮುನ್ನೂರು ಎಕರೆಗೂ ಮಿಗಿಲಾದ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಆರ್. ಕೆ. ಬಾಳಿಗರ ಕನಸು ಅದು. ಆ ನೆಲ ಯಾವುದು? ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು. ಚರಿತ್ರೆ ಒಮ್ಮೊಮ್ಮೆ ಹೀಗೆ ತನ್ನಷ್ಟಕ್ಕೆ ನಗುತ್ತದೆ. ಕೆಲಸದೊಡನೆ ಮನೆಯೂ ಇರಬೇಕೆಂಬ ಅರ್ಥವನ್ನು ಹೆಸರಿನಲ್ಲಿಯೇ ಹೊತ್ತ ಊರಿನಲ್ಲಿ, ಮನೆಯ ಗೊಡವೆಯಿಲ್ಲದ ಕೆಲಸ ಹುಟ್ಟಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ, ಅದರಲ್ಲಿಯೂ ೧೯೯೧ರ ಉದಾರೀಕರಣದ ಮೇಲೆ, ಒಂದರ ಹಿಂದೊಂದು ಕಂಪೆನಿ ಬಂತು. ಸಂಬಳ ಕೊಡುತ್ತೇವೆ, ಮನೆಯನ್ನು ನೀವು ಮಾರುಕಟ್ಟೆಯಲ್ಲಿ ನೋಡಿಕೊಳ್ಳಿ ಎಂಬುದು ಹೊಸ ಧರ್ಮ.

ಮಾರುಕಟ್ಟೆಗೆ ನಿವೇಶನ ಒದಗಿಸಬೇಕಾಗಿದ್ದ ಸರ್ಕಾರದ ಕೈ ಇದೇ ಹೊತ್ತಿಗೆ ನಿಧಾನವಾಯಿತು. ಸಿ. ಐ. ಟಿ. ಬಿ.ಯ ಸ್ಥಾನದಲ್ಲಿ ೧೯೭೬ರ ಕಾಯ್ದೆಯಿಂದ ಬಿ. ಡಿ. ಎ. ಬಂತು. ಅರ್ಕಾವತಿ ಬಡಾವಣೆಗಾಗಿ ಅದು ೨೦೦೩ರಲ್ಲಿ ಭೂಸ್ವಾಧೀನದ ಪ್ರಕಟಣೆ ಹೊರಡಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ೨೦೧೦ರಲ್ಲಿ ತೀರ್ಪಾಯಿತು. ತೊಡಕು ಆಮೇಲೂ ಬಿಡಲಿಲ್ಲ. ಜನ ಕಾಯಲಾದೀತೆ? ೨೦೦೧ರಲ್ಲಿ ೫೭ ಲಕ್ಷವಿದ್ದ ನಗರ ೨೦೧೧ರಲ್ಲಿ ೮೫ ಲಕ್ಷವಾಯಿತು. ಹೊಲಗಳೇ ಕಂದಾಯ ನಿವೇಶನಗಳಾದವು. ಮಾರತ್ತಹಳ್ಳಿ, ಬೆಳ್ಳಂದೂರು, ವರ್ತೂರುಗಳು ಹಳ್ಳಿಯ ಓಣಿಯ ಅಗಲದಲ್ಲಿಯೇ ಮಹಾನಗರಗಳಾದವು. ೨೦೦೭ರಲ್ಲಿ ೧೧೦ ಹಳ್ಳಿಗಳು ಪಾಲಿಕೆಗೆ ಸೇರಿದವು. ಅವುಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು ೨೦೨೪ರ ಅಕ್ಟೋಬರಿನಲ್ಲಿ. ನಡುವಣ ಹದಿನೇಳು ವರ್ಷ ಆ ಬಡಾವಣೆಗಳವರು ಕೊಳವೆಬಾವಿಯನ್ನೋ ಟ್ಯಾಂಕರನ್ನೋ ನೆಚ್ಚಿದರು. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೊದಲು ನೀರು, ಆಮೇಲೆ ಬಡಾವಣೆ. ನಮ್ಮ ಕಾಲದಲ್ಲಿ ಮೊದಲು ಬಾಡಿಗೆ, ಆಮೇಲೆ ನೀರು!

ಕಾನೂನಿನ ಕಥೆಯೂ ಹೀಗೆಯೇ. ೧೯೬೧ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರನನ್ನು ಬಿಗಿಯಾಗಿ ರಕ್ಷಿಸಿತು. ಬಿಡಿಸಲಾಗದ ಬಾಡಿಗೆದಾರನಿಗೆ ಹೆದರಿ ಮನೆಗೆ ಬೀಗ ಹಾಕಿಟ್ಟ ಮಾಲೀಕರೂ ಇದ್ದರು. ಬೆಂಗಳೂರಿನ ಹತ್ತು ತಿಂಗಳ ಮುಂಗಡವೆಂಬ ರೂಢಿ ಆ ಭಯದ ಕೂಸೆಂದೇ ನನಗೆ ತೋರುತ್ತದೆ. ಅದರ ಬದಲು ಬಂದ ೧೯೯೯ರ ಕರ್ನಾಟಕ ಬಾಡಿಗೆ ಕಾಯ್ದೆ ೨೦೦೧ರ ಕೊನೆಗೆ ಜಾರಿಯಾಯಿತು; ದೊಡ್ಡ ನಗರಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗೆ ಮೀರಿದ ಬಾಡಿಗೆಯ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಐ. ಟಿ. ಬಡಾವಣೆಗಳಲ್ಲಿ ಆ ಬಾಡಿಗೆಗೆ ಇಂದು ಒಂದು ಕೋಣೆಯೂ ದುರ್ಲಭ. ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ೨೦೨೧ರಲ್ಲಿ ಕೇಂದ್ರ ಸರ್ಕಾರ ಮಾದರಿ ಕಾನೂನೊಂದನ್ನು ಮುಂದಿಟ್ಟಿತು. ರಾಜ್ಯಗಳು ಒಪ್ಪಿ ಜಾರಿಗೆ ತಂದರೆ ಮಾತ್ರ ಅಂಥ ಮಾದರಿಗೆ ಬಲ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ೨೦ ಸಾವಿರ ಬಾಡಿಗೆಯ ಒಂದು ಸಾಧಾರಣ ಮನೆಯೆಂದು ಇಟ್ಟುಕೊಳ್ಳಿ. ಹತ್ತು ತಿಂಗಳ ಮುಂಗಡ ೨ ಲಕ್ಷ. ಮೊದಲ ಸಂಬಳವನ್ನೇ ಕಾಣದ ಹುಡುಗನೊಬ್ಬ ಇದನ್ನು ಎಲ್ಲಿಂದ ತರಬೇಕು? ಊರಿನಿಂದಲೇ ತರಬೇಕು. ಬೆಂಗಳೂರಿನ ವೈಭವಕ್ಕೆ ಬಂಡವಾಳ ಅಮೆರಿಕದಿಂದ ಬಂತೆಂದು ನಾವು ಓದುತ್ತೇವೆ. ಅದರ ಒಂದು ಪಾಲು ನ್ಯಾಮತಿಯ ಹೊಲದಿಂದ, ಹೊನ್ನಾಳಿಯ ತುಂಗಭದ್ರೆಯ ದಡದ ಗದ್ದೆಯಿಂದ, ಬಡ್ಡಿಯಿಲ್ಲದೆ ಹೋಗಿ ಮನೆಮಾಲೀಕನ ಪೆಟ್ಟಿಗೆಯಲ್ಲಿ ಕುಳಿತಿರುವುದನ್ನು ಯಾವ ಪುಸ್ತಕವೂ ಬರೆಯುವುದಿಲ್ಲ. ಮುಂಗಡ ಕೊಡಲಾರದವರು ಪಿ. ಜಿ.ಯ ಕೋಣೆಯಲ್ಲಿ ಮೂರನೆಯವರೋ ನಾಲ್ಕನೆಯವರೋ ಆಗಿ ಸೇರುತ್ತಾರೆ. ತಾಯ್ತಂದೆಗಳನ್ನು ಕರೆಸಿಕೊಳ್ಳುವ ಮಾತು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಹೋಗುತ್ತದೆ.

ಬೆಳೆದ ಊರಿನಲ್ಲೆಲ್ಲ ಇದು ಅನಿವಾರ್ಯವೆಂದು ಹೇಳುವವರುಂಟು. ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆಯನ್ನು ಉದಾಹರಿಸುವವರುಂಟು. ಸಿಂಗಪುರವನ್ನು ಅವರು ಮರೆಯುತ್ತಾರೆ. ನೆಲವೇ ಇಲ್ಲದ ಆ ಪುಟ್ಟ ದ್ವೀಪ ೧೯೬೦ರಲ್ಲಿ, ನಮ್ಮ ಸಿ. ಐ. ಟಿ. ಬಿ.ಗಿಂತ ಹದಿನೈದು ವರ್ಷ ತಡವಾಗಿ, ವಸತಿ ಮಂಡಳಿಯೊಂದನ್ನು ಕಟ್ಟಿತು. ಇಂದು ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಆ ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ. ಮೊದಲು ಹೊರಟವರು ನಾವು. ದಾರಿಯಲ್ಲಿ ನಿಂತವರೂ ನಾವೇ.

ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ಅಗ್ರಹಾರ ಕೆಲವರಿಗಷ್ಟೇ ದಕ್ಕಿತು; ವಠಾರದಲ್ಲಿ ಉಸಿರು ಕಟ್ಟುತ್ತಿತ್ತು; ಕಾಲೊನಿಯ ಬೇಲಿಯಾಚೆ ಗುಡಿಸಲುಗಳಿದ್ದವು. ಆದರೆ ಆ ಮೂರರಲ್ಲಿಯೂ ಇದ್ದ ಒಂದು ವಿವೇಕವನ್ನು ಉಳಿಸಿಕೊಳ್ಳಬಹುದಿತ್ತು. ಸರ್ಕಾರ ಒಂದು ಕಂಪೆನಿಗೆ ನೂರು ಎಕರೆ ಕೊಡುವಾಗ, ಅಲ್ಲಿ ದುಡಿಯುವವರಿಗೆ, ಅವರ ಕಚೇರಿ ಗುಡಿಸುವವರಿಗೆ, ಊಟ ಬಡಿಸುವವರಿಗೆ ಎಷ್ಟು ಮನೆ ಬೇಕೆಂಬ ಲೆಕ್ಕವನ್ನೂ ಅದೇ ಕಡತದಲ್ಲಿ ಕೇಳಬೇಕು. ಬೆಂಗಳೂರಿನಾಚೆಯ ಊರುಗಳಿಗೂ ಐ. ಟಿ. ಬರಲಿ ಎಂಬ ಮಾತು ಈಗ ಎಲ್ಲೆಡೆಯೂ ಕೇಳುತ್ತಿದೆ. ನಮ್ಮ ದಾವಣಗೆರೆಗೂ ಬರಲಿ; ಚನ್ನಗಿರಿ ಜಗಳೂರುಗಳ ಮಕ್ಕಳು ಸಂಜೆಗೆ ಮನೆ ಸೇರುವಂತಾಗಲಿ. ಆದರೆ ನಿವೇಶನದ ಹಲಗೆಗಳು ಮೊದಲು ನೆಟ್ಟು, ನೀರು, ಶಾಲೆ, ಸಾಮಾನ್ಯನಿಗೆ ನಿಲುಕುವ ಬಾಡಿಗೆಗಳು ಆಮೇಲೆ ಎಂದಾದರೆ, ಬೆಂಗಳೂರಿನ ಚರಿತ್ರೆಯ ಕೊನೆಯ ಅಧ್ಯಾಯವನ್ನು ಮಾತ್ರ ನಾವು ಓದಿದಂತಾಗುತ್ತದೆ. ಓದಬೇಕಾದದ್ದು ಮೊದಲಿನ ಅಧ್ಯಾಯಗಳನ್ನು.