ಪಟ್ಟಿಯ ಕೆಳಗಿನ ಸಾಲು

ಡ್ರೀಮ್ ಥಿಯೇಟರ್ ಕೇಳುವವರು ನಾಲ್ಕು ಜನ ಸೇರಿದರೆ ಅಲ್ಲೊಂದು ಪಟ್ಟಿ ಹುಟ್ಟುತ್ತದೆ. 1989ರಿಂದ 2025ರವರೆಗಿನ ಹದಿನಾರು ಸ್ಟುಡಿಯೋ ಆಲ್ಬಮ್‌ಗಳಲ್ಲಿ ಯಾವುದು ಮೊದಲು, ಯಾವುದು ಕೊನೆ? ಮೇಲಿನ ಸ್ಥಾನದ ಜಗಳ ಹೆಚ್ಚಾಗಿ 1992ರ ‘ಇಮೇಜಸ್ ಅಂಡ್ ವರ್ಡ್ಸ್’ ಮತ್ತು 1999ರ ‘ಸೀನ್ಸ್ ಫ್ರಮ್ ಎ ಮೆಮೊರಿ’ ನಡುವೆ ನಡೆಯುತ್ತದೆ. 1997ರ ‘ಫಾಲಿಂಗ್ ಇನ್‌ಟು ಇನ್‌ಫಿನಿಟಿ’ಯನ್ನು ಮಾತ್ರ ಕೆಳಗೆಲ್ಲೋ ಕೂರಿಸಿ ಮುಂದೆ ಸಾಗುತ್ತಾರೆ. ಇತಿಹಾಸದ ವಿದ್ಯಾರ್ಥಿಯಾದ ನನ್ನ ಕಣ್ಣು ನಿಲ್ಲುವುದು ಆ ಕೆಳಗಿನ ಸಾಲಿನ ಮೇಲೆ.

ಮೊದಲು ಹಿನ್ನೆಲೆ. 1985ರಲ್ಲಿ ಬಾಸ್ಟನ್ನಿನ ಬರ್ಕ್‌ಲೀ ಸಂಗೀತ ಕಾಲೇಜಿನ ಮೂವರು ವಿದ್ಯಾರ್ಥಿಗಳು, ಅಂದರೆ ಗಿಟಾರಿನ ಜಾನ್ ಪೆಟ್ರೂಚಿ, ಬೇಸ್‌ನ ಜಾನ್ ಮ್ಯುಂಗ್ ಮತ್ತು ಡ್ರಮ್ಸ್‌ನ ಮೈಕ್ ಪೋರ್ಟ್‌ನಾಯ್, ಸೇರಿ ಕಟ್ಟಿದ ತಂಡವಿದು. ಎಪ್ಪತ್ತರ ದಶಕದ ಯೆಸ್, ರಶ್ ಮೊದಲಾದ ತಂಡಗಳ ಪ್ರೋಗ್ರೆಸಿವ್ ರಾಕ್‌ನ ದೀರ್ಘ ರಚನೆಗಳನ್ನೂ, ನಡುವೆ ಐದಕ್ಕೆ, ಏಳಕ್ಕೆ ಹೊರಳುವ ಲಯದ ಎಣಿಕೆಯನ್ನೂ ಹೆವಿ ಮೆಟಲ್‌ನ ಗಿಟಾರಿನ ಭಾರಕ್ಕೆ ಬೆಸೆಯುವುದು ಅವರ ದಾರಿ. ಈ ದಾರಿ ಹಿಡಿದವರು ಅವರೊಬ್ಬರೇ ಅಲ್ಲ; ಆದರೆ ಪ್ರೋಗ್ರೆಸಿವ್ ಮೆಟಲ್ ಎಂದೊಡನೆ ಇಂದು ಹೆಚ್ಚಿನವರ ಬಾಯಿಗೆ ಬರುವ ಹೆಸರು ಅವರದು.

ಹದಿನಾರನ್ನೂ ತೂಗುವ ಬದಲು ಮೊದಲ ಹತ್ತು ವರ್ಷದ ಐದನ್ನು ಮಾತ್ರ ಇಲ್ಲಿ ತೆಗೆದುಕೊಳ್ಳುತ್ತೇನೆ. ಐದನೆಯದು 1989ರ ‘ವೆನ್ ಡ್ರೀಮ್ ಅಂಡ್ ಡೇ ಯುನೈಟ್’. ಆಲೋಚನೆಗಳು ಬೇಕಾದಷ್ಟಿವೆ, ಧ್ವನಿಮುದ್ರಣ ತೆಳು. ಗಾಯಕ ಚಾರ್ಲಿ ಡೊಮಿನಿಚಿ ಇದರ ನಂತರ ತಂಡದಲ್ಲಿ ಉಳಿಯಲಿಲ್ಲ. ನಾಲ್ಕನೆಯದು ‘ಫಾಲಿಂಗ್ ಇನ್‌ಟು ಇನ್‌ಫಿನಿಟಿ’. ಮೂರನೆಯದು ‘ಇಮೇಜಸ್ ಅಂಡ್ ವರ್ಡ್ಸ್’: ಕೆನಡಾದ ಗಾಯಕ ಜೇಮ್ಸ್ ಲಬ್ರೀ ಬಂದದ್ದು ಇದರಲ್ಲೇ, ತಂಡದ ಭಾಷೆ ಖಚಿತವಾದದ್ದೂ ಇದರಲ್ಲೇ. ಎರಡನೆಯದು 1994ರ ‘ಅವೇಕ್’. ಅದು ಬಿಡುಗಡೆಯಾಗುವ ಮೊದಲೇ ಕೀಬೋರ್ಡ್ ವಾದಕ ಕೆವಿನ್ ಮೂರ್ ತಂಡ ಬಿಟ್ಟಿದ್ದರು. ಕೊನೆಯಲ್ಲಿರುವ ಅವರ ರಚನೆಯಲ್ಲಿ ಬೀಳ್ಕೊಡುಗೆಯ ಮಂಕು ಕೇಳಿಸುತ್ತದೆ. ಮೊದಲನೆಯದು ‘ಸೀನ್ಸ್ ಫ್ರಮ್ ಎ ಮೆಮೊರಿ’. ಸಂಮೋಹನ ಚಿಕಿತ್ಸೆಗೆ ಹೋದ ನಿಕೋಲಸ್, 1928ರಲ್ಲಿ ಕೊಲೆಯಾದ ವಿಕ್ಟೋರಿಯಾಳ ಬದುಕನ್ನು ತನ್ನ ಹಿಂದಿನ ಜನ್ಮವಾಗಿ ಕಾಣುತ್ತಾ ಹೋಗುವ ಕಥೆ. ಇಡೀ ಆಲ್ಬಮ್ ಒಂದೇ ನಾಟಕ.

ಇದು ನನ್ನ ಕಿವಿಯ ತೀರ್ಪು. ಅಮೆರಿಕದ ಬಿಲ್‌ಬೋರ್ಡ್ ಮಾರಾಟ ಪಟ್ಟಿಯಲ್ಲಿ ಇವೇ ಆಲ್ಬಮ್‌ಗಳು ತಲುಪಿದ ಸ್ಥಾನ ನೋಡಿ: ಇಮೇಜಸ್ 61, ಅವೇಕ್ 32, ಫಾಲಿಂಗ್ 52, ಸೀನ್ಸ್ 73. ಇಂದು ಅಭಿಮಾನಿಗಳು ತಲೆಯ ಮೇಲಿಟ್ಟುಕೊಂಡದ್ದು ಅಂದು ಈ ನಾಲ್ಕರಲ್ಲಿ ಕೊನೆಯದು. ಇಂದು ಪಕ್ಕಕ್ಕೆ ಸರಿಸಿದ್ದು ಅಂದು ಎರಡನೆಯದು. ರ‍್ಯಾಂಕಿಗೂ ಒಂದು ಕಾಲವಿರುತ್ತದೆ ಎನ್ನಲು ಇಷ್ಟು ಸಾಕು.

ಹಾಗಾದರೆ 1997ರಲ್ಲಿ ಆದದ್ದೇನು? ‘ಇಮೇಜಸ್’ನ ‘ಪುಲ್ ಮಿ ಅಂಡರ್’ ಎಂಟು ನಿಮಿಷ ದಾಟುವ ಹಾಡು. ಗ್ರಂಜ್‌ನ ಅಬ್ಬರದ ದಿನಗಳಲ್ಲೇ ಅದು ರೇಡಿಯೋ, ಎಂಟಿವಿಗಳಲ್ಲಿ ಓಡಿಬಿಟ್ಟಿತು. ರೆಕಾರ್ಡ್ ಕಂಪನಿಗೆ ಅಂಥದ್ದೇ ಇನ್ನೊಂದು ಬೇಕಿತ್ತು. ತಂಡದ ಬಳಿ ಎರಡು ಸಿಡಿಗೆ ಆಗುವಷ್ಟು ಸಾಮಗ್ರಿಯಿತ್ತು. ಕಂಪನಿ ಒಂದೇ ಸಿಡಿ ಎಂದಿತು. ಬಾನ್ ಜೋವಿಗೆ ಜನಪ್ರಿಯ ಹಾಡುಗಳನ್ನು ಬರೆದುಕೊಟ್ಟಿದ್ದ ಡೆಸ್ಮಂಡ್ ಚೈಲ್ಡ್ ಒಂದು ಹಾಡನ್ನು ತಿದ್ದಲು ಬಂದರು. ‘ಯು ಆರ್ ಮಿ’ ಎಂದಿದ್ದದ್ದು ‘ಯು ನಾಟ್ ಮಿ’ ಆಯಿತು. ಬೇಸತ್ತ ಪೋರ್ಟ್‌ನಾಯ್ ತಂಡವನ್ನೇ ಬಿಡುವ ಯೋಚನೆಗೆ ಬಂದಿದ್ದರು.

ಅಭಿಮಾನಿಗಳು ಹೇಳುವ ಚರಿತ್ರೆ ಇಲ್ಲಿಂದ ಸರಳವಾಗುತ್ತದೆ: ಕಂಪನಿ ಕೆಡಿಸಿತು, ಮುಂದಿನ ಸಲ ಕಂಪನಿಯನ್ನು ದೂರವಿಟ್ಟು ಪೆಟ್ರೂಚಿ, ಪೋರ್ಟ್‌ನಾಯ್ ತಾವೇ ನಿರ್ಮಾಪಕರಾದರು, ‘ಸೀನ್ಸ್’ ಹುಟ್ಟಿತು. ಇದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. 1996–97ರ ಡೆಮೊಗಳನ್ನು ಪೋರ್ಟ್‌ನಾಯ್ ಮುಂದೆ 2007ರಲ್ಲಿ ಹೊರತಂದರು. ಅದರಲ್ಲಿ ‘ಮೆಟ್ರೊಪೊಲಿಸ್’ ಎರಡನೇ ಭಾಗ ಎಂಬ ಇಪ್ಪತ್ತೊಂದು ನಿಮಿಷದ ವಾದ್ಯಸಂಗೀತವಿದೆ. 1992ರ ‘ಮೆಟ್ರೊಪೊಲಿಸ್’ ಹಾಡಿನ ಹೆಸರಿಗೆ ‘ಮೊದಲ ಭಾಗ’ ಎಂದು ಸೇರಿಸಿದ್ದು ತಮಾಷೆಗೆ. ಎರಡನೆಯದೆಲ್ಲಿ ಎಂದು ಅಭಿಮಾನಿಗಳು ಬೆನ್ನು ಹತ್ತಿದ್ದರು. ಡೆಮೊ ಕೇಳಿದರೆ ‘ಸೀನ್ಸ್’ನ ಹಲವು ರಾಗತುಣುಕುಗಳು ಅಲ್ಲಿ ಆಗಲೇ ಇವೆ. ವಿಕ್ಟೋರಿಯಾ ಇಲ್ಲ, ನಿಕೋಲಸ್ ಇಲ್ಲ, ಕಥೆಯೇ ಇಲ್ಲ. ಜೋರ್ಡನ್ ರೂಡೆಸ್‌ನ ಕೀಬೋರ್ಡೂ ಇಲ್ಲ; ಅಲ್ಲಿರುವುದು ಡೆರೆಕ್ ಶೆರಿನಿಯನ್.

ಕಂಪನಿ ಒಪ್ಪಿಬಿಟ್ಟಿದ್ದರೆ ಆ ಇಪ್ಪತ್ತೊಂದು ನಿಮಿಷ 1997ರಲ್ಲೇ ಒಂದು ಉದ್ದನೆಯ ಹಾಡಾಗಿ ಮುಗಿದುಹೋಗುತ್ತಿತ್ತು. ಬೇಡವೆಂದದ್ದರಿಂದ ಅದು ಪೆಟ್ಟಿಗೆಯಲ್ಲಿ ಉಳಿಯಿತು, ಹೊಸ ಕೈಗಳಿಗೆ ಸಿಕ್ಕಿತು, ಕಥೆಯೊಂದನ್ನು ಹೊತ್ತು ಎಪ್ಪತ್ತೇಳು ನಿಮಿಷಕ್ಕೆ ಬೆಳೆಯಿತು. ಕಂಪನಿಯ ದೂರದೃಷ್ಟಿ ಇದು ಎಂದಲ್ಲ. ಅವರ ಲೆಕ್ಕ ಬರೀ ಮಾರಾಟದ್ದು. ಆದರೆ ಚರಿತ್ರೆಯಲ್ಲಿ ಉದ್ದೇಶ ಒಂದು, ಫಲ ಇನ್ನೊಂದು ಆಗುವುದು ಹೊಸತೇನಲ್ಲ. ಖಳ–ನಾಯಕರ ಕಥೆ ಮಾಡಿಕೊಂಡರೆ ನಮಗೆ ಆ ಮೂರು ವರ್ಷದ ಕಾಯುವಿಕೆ ಕಾಣುವುದಿಲ್ಲ.

ಆಗ ಹೊರಗುಳಿದ ಎಲ್ಲದಕ್ಕೂ ಅಂಥ ಭಾಗ್ಯ ಬರಲಿಲ್ಲ. ‘ರೈಸ್ ದಿ ನೈಫ್’ ಎಂಬ ಹಾಡು 2006ರಲ್ಲಿ, ತಂಡದ ಇಪ್ಪತ್ತನೇ ವರ್ಷದ ಕಛೇರಿಗಾಗಿ, ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನ ವೇದಿಕೆ ಏರಿತು. ಉಳಿದವು ಹೆಚ್ಚಾಗಿ ಡೆಮೊಗಳಲ್ಲೇ ಉಳಿದುಕೊಂಡಿವೆ. ಅವು ಯಾವ ಪಟ್ಟಿಗೂ ಸೇರುವುದಿಲ್ಲ. ಪಟ್ಟಿಗೆ ಬೇಕಾದದ್ದು ಮುಗಿದ ಕೆಲಸ ಮಾತ್ರ.

ನನ್ನ ಪಟ್ಟಿಯಲ್ಲಿ ‘ಫಾಲಿಂಗ್’ ನಾಲ್ಕರಲ್ಲೇ ಇರುತ್ತದೆ. ಅದರ ಕೆಲವು ಹಾಡುಗಳು ಸಪ್ಪೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಈ ತಂಡವನ್ನು ಹೊಸದಾಗಿ ಕೇಳುವವರಿಗೆ ನಾನು ಹೇಳುವುದು ಇಷ್ಟು: ‘ಸೀನ್ಸ್’ ಕೇಳಿ ಮನಸೋತ ಮೇಲೆ ಒಮ್ಮೆ ‘ಫಾಲಿಂಗ್’ ಹಾಕಿ, ಅದರ ಬೆನ್ನಿಗೇ ಆ ಇಪ್ಪತ್ತೊಂದು ನಿಮಿಷದ ಡೆಮೊ ಕೇಳಿ. ಒಂದನೆಯ ಸ್ಥಾನದ ಆಲ್ಬಮ್ ಎಲ್ಲಿಂದ ಎದ್ದು ಬಂತು ಎಂಬುದು ಆಗ ಕಿವಿಗೇ ತಿಳಿಯುತ್ತದೆ.